ಜಿರಾಫೆ ಏನೂ ಮಾಡಲಿಲ್ಲವೇ?

ಪದವಿಪೂರ್ವ ತರಗತಿಗೆ ಜೀವಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ಪ್ರತಿ ವರ್ಷವೂ ಜೀವವಿಕಾಸದ ಪಾಠ ಬಂದಾಗ ನಾನು ಕಪ್ಪುಹಲಗೆಯ ಮೇಲೆ ಎರಡು ಸಾಲು ಜಿರಾಫೆಗಳನ್ನು ಬರೆಯುತ್ತಿದ್ದೆ. ಮೇಲಿನ ಸಾಲು ಲಾಮಾರ್ಕನದು: ಎತ್ತರದ ಎಲೆಗಾಗಿ ಕತ್ತು ಚಾಚಿ ಚಾಚಿ, ತಲೆಮಾರಿನಿಂದ ತಲೆಮಾರಿಗೆ ಕತ್ತು ಉದ್ದವಾಗುತ್ತಾ ಹೋಗುವ ಜಿರಾಫೆಗಳು. ಕೆಳಗಿನ ಸಾಲು ಡಾರ್ವಿನ್ನನದು: ಕೆಲವಕ್ಕೆ ಗಿಡ್ಡ ಕತ್ತು, ಕೆಲವಕ್ಕೆ ಉದ್ದ ಕತ್ತು, ಬರ ಬಂದಾಗ ಗಿಡ್ಡ ಕತ್ತಿನವು ಸತ್ತು, ಉದ್ದ ಕತ್ತಿನವು ಉಳಿದು ಮರಿ ಹಾಕುವ ಚಿತ್ರ. ಮೇಲಿನದಕ್ಕೆ ತಪ್ಪಿನ ಗುರುತು, ಕೆಳಗಿನದಕ್ಕೆ ಸರಿಯ ಗುರುತು. ಒಂದು ವರ್ಷ ಕೊನೆಯ ಬೆಂಚಿನ ಹುಡುಗಿಯೊಬ್ಬಳು, "ಹಾಗಾದ್ರೆ ಜಿರಾಫೆ ಏನೂ ಮಾಡ್ಲೇ ಇಲ್ವಾ ಸಾರ್?" ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕು, "ಇಲ್ಲಮ್ಮ, ಅದು ಬದುಕಿತು ಇಲ್ಲವೇ ಸತ್ತಿತು, ಅಷ್ಟೇ" ಎಂದೆ. ಪರೀಕ್ಷೆಯ ಎರಡು ಅಂಕಕ್ಕೆ ಆ ಉತ್ತರ ಧಾರಾಳವಾಗಿ ಸಾಕಾಗಿತ್ತು. ನಿವೃತ್ತಿಯಾದ ಮೇಲೆ, ಓದಲು ಬಿಡುವು ಸಿಕ್ಕಂತೆಲ್ಲ, ಸಾಕಾಗಲಿಲ್ಲ ಎಂದು ನನಗೆ ಅನ್ನಿಸತೊಡಗಿತು.

ಮೊದಲು ಒಂದು ತಪ್ಪೊಪ್ಪಿಗೆ. ಆ ಎರಡು ಸಾಲಿನ ಚಿತ್ರ ಚರಿತ್ರೆಯ ದೃಷ್ಟಿಯಿಂದಲೂ ಅಷ್ಟೇನೂ ಪ್ರಾಮಾಣಿಕವಲ್ಲ. ಲಾಮಾರ್ಕ್ 1809ರ ತನ್ನ ಗ್ರಂಥದಲ್ಲಿ ಜಿರಾಫೆಗೆ ಕೊಟ್ಟದ್ದು ಒಂದು ಚಿಕ್ಕ ಪ್ಯಾರಾದಷ್ಟು ಜಾಗ. ಡಾರ್ವಿನ್ 1859ರಲ್ಲಿ 'ಜೀವಿಗಳ ಉಗಮ'ವನ್ನು ಪ್ರಕಟಿಸಿದಾಗ ಅದರಲ್ಲಿ ಜಿರಾಫೆಯ ಬಾಲದ ಪ್ರಸ್ತಾಪವಿತ್ತೇ ಹೊರತು, ಕತ್ತಿನ ಚರ್ಚೆ ಸೇರಿಕೊಂಡದ್ದು 1872ರ ಆರನೆಯ ಆವೃತ್ತಿಯಲ್ಲಿ, ಅದೂ ಒಬ್ಬ ಟೀಕಾಕಾರನಿಗೆ ಉತ್ತರವಾಗಿ. ಕತ್ತು ಉದ್ದವಾದದ್ದು ಎಲೆಗಾಗಿಯೋ, ಗಂಡುಗಳು ಕತ್ತಿನಿಂದಲೇ ಹೊಡೆದಾಡುವುದರಿಂದಲೋ ಎಂಬ ವಾದ ಇಂದಿಗೂ ತೀರ್ಮಾನವಾಗಿಲ್ಲ. ಆದರೆ ಹುಡುಗಿಯ ಪ್ರಶ್ನೆ ಇದ್ದದ್ದು ಕತ್ತಿನ ಬಗ್ಗೆಯಲ್ಲ. ಜೀವವಿಕಾಸ ಎಂಬ ವಾಕ್ಯದಲ್ಲಿ ಜೀವಿಯ ಸ್ಥಾನ ಯಾವುದು ಎಂದು ಅವಳು ತನಗೇ ಗೊತ್ತಿಲ್ಲದೆ ಕೇಳಿದ್ದಳು.

ವಾಕ್ಯ ಎಂದು ಬೇಕೆಂದೇ ಹೇಳುತ್ತಿದ್ದೇನೆ. ನಾವು ಶಾಲೆಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ಕಲಿತವರು. 'ರಾಮನು ರಾವಣನನ್ನು ಕೊಂದನು' ಎಂಬುದನ್ನು 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂದು ಬದಲಿಸಿ ಅಂಕ ಪಡೆದವರು. ಮನೆಯಲ್ಲಾಗಲಿ ಸಂತೆಯಲ್ಲಾಗಲಿ ಯಾರೂ 'ಲ್ಪಟ್ಟನು' ಎನ್ನುವುದಿಲ್ಲ. ಕನ್ನಡಕ್ಕೆ ಆ ಪ್ರಯೋಗ ಒಗ್ಗುವುದೇ ಇಲ್ಲ. ಆದರೆ ವಿಕಾಸದ ಪಾಠಕ್ಕೆ ಬಂದರೆ ನಮ್ಮ ಭಾಷೆ ಇದ್ದಕ್ಕಿದ್ದಂತೆ ಕರ್ಮಣಿಯಾಗುತ್ತದೆ: ಜೀವಿಗಳು ಪರಿಸರದಿಂದ ಆಯ್ಕೆ ಮಾಡಲ್ಪಡುತ್ತವೆ, ದುರ್ಬಲವಾದವು ನಾಶಗೊಳಿಸಲ್ಪಡುತ್ತವೆ. ನಾನು ಇದನ್ನು ಬಹಳ ವರ್ಷ ಕೆಟ್ಟ ಅನುವಾದದ ದೋಷವೆಂದೇ ತಿಳಿದಿದ್ದೆ. ಈಗ ಅನ್ನಿಸುವುದು ಬೇರೆ: ಅನುವಾದಕರು ಮೂಲಕ್ಕೆ ನಿಷ್ಠರಾಗಿಯೇ ಇದ್ದರು. ಇಪ್ಪತ್ತನೆಯ ಶತಮಾನದಲ್ಲಿ ಗಟ್ಟಿಗೊಂಡ ಸಿದ್ಧಾಂತದ ರಚನೆಯೇ ಹಾಗಿತ್ತು. ಒಳಗಿನಿಂದ ಉತ್ಪರಿವರ್ತನೆಗಳು, ಅಂದರೆ ವಂಶವಾಹಿಗಳಲ್ಲಿನ ಬದಲಾವಣೆಗಳು, ಗೊತ್ತುಗುರಿಯಿಲ್ಲದೆ ಉಂಟಾಗುತ್ತವೆ. ಹೊರಗಿನಿಂದ ಪರಿಸರ ಅವುಗಳನ್ನು ಜರಡಿ ಹಿಡಿಯುತ್ತದೆ. ನಡುವೆ ಜೀವಿ ಎಂಬುದು ಈ ಎರಡು ಬಲಗಳು ಸಂಧಿಸುವ ಒಂದು ಜಾಗ, ಅಷ್ಟೇ.

ವಿಚಿತ್ರವೆಂದರೆ, ಈ ಚಿತ್ರಕ್ಕೆ ಒಗ್ಗದ ಪುಸ್ತಕವೊಂದನ್ನು ಡಾರ್ವಿನ್ನನೇ ಬರೆದಿದ್ದ. ಅದು ಅವನ ಕೊನೆಯ ಪುಸ್ತಕ. ಪ್ರಕಟವಾದದ್ದು 1881ರ ಅಕ್ಟೋಬರಿನಲ್ಲಿ, ಅವನು ತೀರಿಕೊಳ್ಳುವುದಕ್ಕೆ ಆರು ತಿಂಗಳ ಮೊದಲು. ವಿಷಯ ಎರೆಹುಳು. ಎರೆಹುಳುವಿನ ಮೇಲಿನ ಅವನ ಆಸಕ್ತಿ ಮುಪ್ಪಿನ ಹವ್ಯಾಸವಾಗಿರಲಿಲ್ಲ. 1837ರಲ್ಲೇ, ಬೀಗಲ್ ಹಡಗಿನಿಂದ ಮರಳಿದ ಮರುವರ್ಷ, ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಅವನು ಈ ಕುರಿತು ಪ್ರಬಂಧ ಓದಿದ್ದ. ಹೊಲದ ಮೇಲೆ ಹರಡಿದ ಸುಣ್ಣ ಮತ್ತು ಕೆಂಡದ ಚೂರುಗಳು ಕೆಲವು ವರ್ಷಗಳಲ್ಲಿ ಹುಲ್ಲಿನ ಕೆಳಗೆ ಇಳಿದುಹೋಗುವುದನ್ನು ಅವನಿಗೆ ತೋರಿಸಿದ್ದು ಸೋದರಮಾವ ಜೋಸಯ ವೆಜ್‌ವುಡ್. ಡಾರ್ವಿನ್ ತನ್ನ ಮನೆಯಿದ್ದ ಡೌನ್ ಹಳ್ಳಿಯಲ್ಲಿ, 1842ರ ಡಿಸೆಂಬರಿನಲ್ಲಿ, ಒಂದು ಹೊಲದ ಮೇಲೆ ಸೀಮೆಸುಣ್ಣದ ತುಂಡುಗಳನ್ನು ಹರಡಿಸಿದ. 29 ವರ್ಷ ಕಾದು 1871ರಲ್ಲಿ ಅಲ್ಲಿ ಕಾಲುವೆ ತೋಡಿಸಿ ನೋಡಿದರೆ ಆ ಬಿಳಿಯ ಗೆರೆ ಏಳು ಅಂಗುಲ ಕೆಳಗಿತ್ತು. ಸುಣ್ಣ ಇಳಿದದ್ದಲ್ಲ, ಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ತಂದು ಹಾಕಿದ್ದವು. ಇಂಗ್ಲೆಂಡಿನ ಅನೇಕ ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಒಣಮಣ್ಣು ಎರೆಹುಳುಗಳ ಹೊಟ್ಟೆಯೊಳಗೆ ಹಾದು ಬರುತ್ತದೆ ಎಂಬುದು ಅವನ ಲೆಕ್ಕ. ಒಂದು ಪ್ರಯೋಗಕ್ಕಾಗಿ 29 ವರ್ಷ ಕಾಯುವ ತಾಳ್ಮೆಯ ಬಗ್ಗೆ ನಾನು ತರಗತಿಯಲ್ಲಿ ಎಂದೂ ಹೇಳಲಿಲ್ಲವಲ್ಲ ಎಂಬ ಬೇಸರ ನನಗಿದೆ.

ಆ ಪುಸ್ತಕದಲ್ಲಿ ಇನ್ನೊಂದು ಭಾಗವಿದೆ, ಅದನ್ನು ಓದುವಾಗ ಯಾರಿಗಾದರೂ ಮುಗುಳ್ನಗೆ ಬರಬೇಕು. ಹುಳುಗಳಿಗೆ ಕಿವಿ ಕೇಳುತ್ತದೆಯೇ ಎಂದು ನೋಡಲು ಡಾರ್ವಿನ್ನನ ಮನೆಮಂದಿಯೆಲ್ಲ ಸೇರಿ ಅವುಗಳ ಮುಂದೆ ಪಿಯಾನೊ ಮತ್ತು ಬಸೂನ್ ಎಂಬ ಊದುವಾದ್ಯವನ್ನು ನುಡಿಸಿದರು, ಹುಳುಗಳು ಕದಲಲಿಲ್ಲ. ಹುಳುಗಳಿದ್ದ ಕುಂಡವನ್ನು ಪಿಯಾನೊದ ಮೇಲೆಯೇ ಇಟ್ಟು ಒಂದು ಮಂದ್ರಸ್ವರ ಒತ್ತಿದಾಗ ಅದುರು ತಾಗಿ ಸರಕ್ಕನೆ ಬಿಲದೊಳಗೆ ಹೋದವು. ಮುಂದಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಎರೆಹುಳು ತನ್ನ ಬಿಲದ ಬಾಯಿಯನ್ನು ಎಲೆಗಳಿಂದ ಮುಚ್ಚುತ್ತದೆ. ಎಲೆಯನ್ನು ಯಾವ ತುದಿಯಿಂದ ಹಿಡಿದು ಎಳೆದರೆ ಸಲೀಸು ಎಂದು ಅದಕ್ಕೆ ತಿಳಿಯುತ್ತದೆಯೇ? ಹುಳು ಎಂದೂ ಕಂಡಿರದ ವಸ್ತು ಬೇಕಿತ್ತು. ಡಾರ್ವಿನ್ ಕಾಗದವನ್ನು ಉದ್ದನೆಯ ತ್ರಿಕೋನಗಳಾಗಿ ಕತ್ತರಿಸಿ, ಇಬ್ಬನಿಗೆ ಮೆತ್ತಗಾಗದಂತೆ ಕೊಬ್ಬು ಸವರಿ, ಹರಡಿದ. ಹುಳುಗಳು ಎಳೆದುಕೊಂಡ 303 ತ್ರಿಕೋನಗಳಲ್ಲಿ ನೂರಕ್ಕೆ 62 ಚೂಪಾದ ತುದಿಯಿಂದಲೇ ಒಳಗೆ ಹೋಗಿದ್ದವು. ಇದನ್ನು ಬರೇ ಹುಟ್ಟುಗುಣವೆನ್ನಲಾಗದು, ಆಕಸ್ಮಿಕವೂ ಅಲ್ಲ, ಸ್ವಲ್ಪಮಟ್ಟಿನ ಬುದ್ಧಿಯನ್ನು ಒಪ್ಪಲೇಬೇಕು ಎಂಬ ತೀರ್ಮಾನಕ್ಕೆ ಅವನು ಬಂದ. ಬುದ್ಧಿ ಎಂಬ ಪದದ ಬಗ್ಗೆ ನಮಗೆ ತಕರಾರಿರಬಹುದು. ಆದರೆ ಆ ಪುಸ್ತಕದ ತುಂಬ ಹುಳು ಕರ್ತೃಪದವಾಗಿಯೇ ಕೂತಿದೆ ಎಂಬುದನ್ನು ಗಮನಿಸಬೇಕು. ಅದು ತಿನ್ನುತ್ತದೆ, ಎಳೆಯುತ್ತದೆ, ಮುಚ್ಚುತ್ತದೆ, ನೆಲವನ್ನು ಮಾಡುತ್ತದೆ.

ಡಾರ್ವಿನ್ ಇಲ್ಲಿಗೆ ನಿಂತ. ಹುಳು ನೆಲವನ್ನು ಬದಲಿಸುತ್ತದೆ ಎಂದ. ಬದಲಾದ ನೆಲ ಹುಳುವಿನ ವಿಕಾಸವನ್ನು ಏನು ಮಾಡಿತು ಎಂದು ಅವನು ಕೇಳಲಿಲ್ಲ. ಆ ಅರ್ಧವನ್ನು ಪೂರೈಸಿದ್ದು ಶರೀರಕ್ರಿಯಾ ವಿಜ್ಞಾನಿ ಸ್ಕಾಟ್ ಟರ್ನರ್, 2000ದಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ. ಎರೆಹುಳುವಿನ ಪೂರ್ವಜರು ನೀರಿನಲ್ಲಿ ಬದುಕಿದ್ದವು. ಸಿಹಿನೀರಿನ ಪ್ರಾಣಿಗೆ ಕಷ್ಟವೆಂದರೆ ಮೈಯೊಳಗೆ ನುಗ್ಗುವ ನೀರನ್ನು ಹೊರಹಾಕುವುದು. ನೆಲದ ಪ್ರಾಣಿಗೆ ಕಷ್ಟ ಇದ್ದ ನೀರನ್ನು ಉಳಿಸಿಕೊಳ್ಳುವುದು. ನೆಲಕ್ಕೆ ಬಂದ ಪ್ರಾಣಿಗೆ ದಪ್ಪ ಚರ್ಮ ಬರಬೇಕು, ನೀರನ್ನು ಹಿಡಿದಿಡುವ ಮೂತ್ರಾಂಗ ಬೇಕು ಎಂದು ಪಠ್ಯಪುಸ್ತಕದ ತರ್ಕ ಹೇಳುತ್ತದೆ. ಎರೆಹುಳುವಿಗೆ ಎರಡೂ ಬರಲಿಲ್ಲ. ಅದರ ಚರ್ಮ ಇಂದಿಗೂ ತೆಳ್ಳಗೆ, ತೇವವಾಗಿಯೇ ಇದೆ. ಅದರ ಮೂತ್ರಾಂಗಗಳು ಇಂದಿಗೂ ಸಿಹಿನೀರಿನ ಪ್ರಾಣಿಯದರಂತೆ ತೆಳುವಾದ ಮೂತ್ರವನ್ನು ಧಾರಾಳವಾಗಿ ಸುರಿಸುತ್ತವೆ. ಬದಲಿಗೆ ಬದಲಾದದ್ದು ಮಣ್ಣು. ಬಿಲ ಕೊರೆದು, ಲೋಳೆ ಸವರಿ, ಎಲೆ ಸೇರಿಸಿ, ಹಿಕ್ಕೆ ಹಾಕಿ, ಮಣ್ಣಿನ ಕಣಗಳನ್ನು ಸಣ್ಣ ಸಣ್ಣ ಉಂಡೆಗಳಾಗಿ ಕೂಡಿಸಿ, ನೀರು ಸುಲಭವಾಗಿ ದಕ್ಕುವ ನೆಲವನ್ನು ಹುಳುಗಳು ಮಾಡಿಕೊಂಡವು. ನೀರಿನಿಂದ ಹೊರಬಂದ ಪ್ರಾಣಿ ತನ್ನನ್ನು ನೆಲಕ್ಕೆ ಹೊಂದಿಸಿಕೊಳ್ಳುವ ಬದಲು ನೆಲವನ್ನೇ ತನಗೆ ಹೊಂದಿಸಿಕೊಂಡಿತು.

ನಾನು ಮೂವತ್ತು ವರ್ಷ 'ಹೊಂದಾಣಿಕೆ' ಎಂಬ ಪದವನ್ನು ಒಂದೇ ದಿಕ್ಕಿನಲ್ಲಿ ಬಳಸಿದ್ದೇನೆ. ಜೀವಿ ಕೀಲಿ, ಪರಿಸರ ಬೀಗ. ಬೀಗ ಮೊದಲೇ ಇದೆ, ಕೀಲಿಯನ್ನು ಅರದಿಂದ ಉಜ್ಜಿ ಉಜ್ಜಿ ಸರಿಮಾಡಲಾಗುತ್ತದೆ. (ನೋಡಿ, ಮತ್ತೆ ಕರ್ಮಣಿ.) ಈ ಉಪಮೆಯನ್ನು ಒಡೆದವರು ಹಾರ್ವರ್ಡಿನ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್. 1983ರಲ್ಲಿ ಅವರು ಬರೆದ ಪ್ರಬಂಧವೊಂದರ ಶೀರ್ಷಿಕೆಯೇ ಜೀವಿಯನ್ನು ವಿಕಾಸದ ಕರ್ತೃವೂ ಹೌದು, ಕರ್ಮವೂ ಹೌದು ಎಂದು ಕರೆಯುತ್ತದೆ. ನಮ್ಮ ವ್ಯಾಕರಣದ ಪರಿಭಾಷೆಗೆ ಅದು ಎಷ್ಟು ಸಲೀಸಾಗಿ ಇಳಿಯುತ್ತದೆಂದರೆ, ಇಲ್ಲಿ ಅನುವಾದ ಮಾಡುವ ಶ್ರಮವೇ ಬೇಕಾಗಲಿಲ್ಲ. ಅವರ ಉದಾಹರಣೆ ಸರಳ. ಒಂದೇ ತೋಟದಲ್ಲಿ ಕಲ್ಲೂ ಇದೆ, ಒಣಹುಲ್ಲೂ ಇದೆ. ಹುಲ್ಲಿನಿಂದ ಗೂಡು ಕಟ್ಟುವ ಹಕ್ಕಿಯ ಪರಿಸರದಲ್ಲಿ ಹುಲ್ಲು ಉಂಟು, ಕಲ್ಲು ಇಲ್ಲ. ಬಸವನಹುಳುವನ್ನು ಕಲ್ಲಿಗೆ ಕುಕ್ಕಿ ಒಡೆಯುವ ಥ್ರಷ್ ಹಕ್ಕಿಯ ಪರಿಸರದಲ್ಲಿ ಕಲ್ಲು ಉಂಟು. ಕಣ್ಣಿಗೆ ಕಾಣುವ ಜಗತ್ತು ಎರಡಕ್ಕೂ ಒಂದೇ. ಆದರೆ ಅದರಲ್ಲಿ ಯಾವುದು ಪರಿಸರ ಎಂಬುದನ್ನು ಜೀವಿಯ ಬದುಕೇ ನಿರ್ಧರಿಸುತ್ತದೆ. ಜೀವಿ ಬದಲಾಗುವುದು ಜೀವಿ ಮತ್ತು ಪರಿಸರ ಎರಡನ್ನೂ ಅವಲಂಬಿಸಿ ಎಂದು ನಾವು ಬರೆಯುತ್ತೇವೆ, ಪರಿಸರ ಬದಲಾಗುವುದೂ ಆ ಎರಡನ್ನೇ ಅವಲಂಬಿಸಿ ಎಂದು ಎರಡನೆಯ ಸಮೀಕರಣವನ್ನೂ ಬರೆಯಬೇಕು ಎಂಬುದು ಅವರ ವಾದದ ತಿರುಳು. ಸಮೀಕರಣಗಳು ಹೀಗೆ ಒಂದಕ್ಕೊಂದು ಹೆಣೆದುಕೊಂಡ ಮೇಲೆ ಬೀಗವನ್ನೂ ಕೀಲಿಯನ್ನೂ ಬೇರೆ ಬೇರೆ ಇಟ್ಟು ನೋಡಲು ಬರುವುದಿಲ್ಲ.

ಜೀವಿ ತನ್ನ ಪರಿಸರವನ್ನು ತಾನೇ ತಿದ್ದಿಕೊಳ್ಳುವ ಈ ಕೆಲಸಕ್ಕೆ 1988ರಲ್ಲಿ ಜೀವಶಾಸ್ತ್ರಜ್ಞ ಜಾನ್ ಓಡ್ಲಿಂಗ್-ಸ್ಮೀ 'ನಿಶ್ ಕನ್‌ಸ್ಟ್ರಕ್ಷನ್' ಎಂದು ಹೆಸರಿಟ್ಟರು. ಕೆವಿನ್ ಲಾಲಂಡ್ ಮತ್ತು ಮಾರ್ಕಸ್ ಫೆಲ್ಡ್‌ಮನ್ ಅವರೊಂದಿಗೆ ಸೇರಿ 2003ರಲ್ಲಿ ಅದರ ಮೇಲೆ ದೊಡ್ಡ ಗ್ರಂಥವನ್ನೇ ತಂದರು. ಕನ್ನಡದಲ್ಲಿ 'ನೆಲೆ ಕಟ್ಟಿಕೊಳ್ಳುವುದು' ಎಂದರೆ ನನ್ನ ಕಿವಿಗೆ ಸರಿಯೆನ್ನಿಸುತ್ತದೆ. ಆದರೆ ಅವರ ಗ್ರಂಥದಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟ ಮಾತು ಕಟ್ಟುವುದರ ಬಗ್ಗೆಯಲ್ಲ, ಕಟ್ಟಿದ್ದು ಮುಂದೆ ಯಾರಿಗೆ ಸೇರುತ್ತದೆ ಎಂಬುದರ ಬಗ್ಗೆ.

ನಮ್ಮಲ್ಲಿ ಆಸ್ತಿಯನ್ನು ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ವಿಂಗಡಿಸುತ್ತೇವೆ. ಜರ್ಮನಿಯ ಜೀವಶಾಸ್ತ್ರಜ್ಞ ಆಗಸ್ಟ್ ವೈಸ್‌ಮನ್ 1880ರ ದಶಕದಲ್ಲಿ ತಲೆಮಾರುಗಟ್ಟಲೆ ಇಲಿಗಳ ಬಾಲ ಕತ್ತರಿಸಿ, ಮರಿಗಳು ಬಾಲವಿದ್ದೇ ಹುಟ್ಟುವುದನ್ನು ತೋರಿಸಿದ ಮೇಲೆ ಜೀವಶಾಸ್ತ್ರದ ಕಾನೂನು ಗಟ್ಟಿಯಾಯಿತು: ಪಿತ್ರಾರ್ಜಿತ ಮಾತ್ರ ದಾಟುತ್ತದೆ, ಜೀವಮಾನದಲ್ಲಿ ಗಳಿಸಿದ್ದು ಜೀವದೊಂದಿಗೇ ಹೋಗುತ್ತದೆ. ದೇಹದ ಮಟ್ಟಿಗೆ ಈ ಕಾನೂನನ್ನು ನಾನು ಒಪ್ಪುತ್ತೇನೆ. ಆದರೆ ಗಳಿಕೆ ದೇಹದಲ್ಲಿಯೇ ಇರಬೇಕೆಂದು ಯಾರು ಹೇಳಿದರು? ಎರೆಹುಳುವಿನ ಗಳಿಕೆ ಮಣ್ಣಿನಲ್ಲಿದೆ. ಮಣ್ಣು ಹುಳುವಿನೊಂದಿಗೆ ಸಾಯುವುದಿಲ್ಲ. ಮರಿಹುಳು ವಂಶವಾಹಿಗಳನ್ನು ಹೇಗೆ ಪಡೆಯುತ್ತದೋ ಹಾಗೆಯೇ ತಿದ್ದಿದ ನೆಲವನ್ನೂ ಪಡೆಯುತ್ತದೆ, ಮತ್ತು ಅದರ ಮೇಲೆ ಕೆಲಸ ಮಾಡುವ ಆಯ್ಕೆ ಆ ತಿದ್ದಿದ ನೆಲದ್ದು.

ಇನ್ನೂ ಮುಂದೆ ಹೋಗಲು ಹುತ್ತ ಬೇಕು. 'ಇರುವೆ ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ' ಎಂದು ನಮ್ಮವರು ಹೇಳುತ್ತಾರೆ. (ಕಟ್ಟುವುದು ಇರುವೆಯಲ್ಲ, ಗೆದ್ದಲು, ಜೀವಶಾಸ್ತ್ರದ ಮೇಷ್ಟರಿಗೆ ಈ ತಿದ್ದುಪಡಿಯನ್ನು ಮಾಡದೆ ಮುಂದೆ ಹೋಗಲು ಆಗುವುದಿಲ್ಲ.) ನಮ್ಮ ಹೊಲಗಳ ಅಂಚಿನಲ್ಲಿ ಕಾಣುವ ದೊಡ್ಡ ಹುತ್ತಗಳ ಗೆದ್ದಲು ಬೇಸಾಯಗಾರ. ಕೆಲಸಗಾರ ಗೆದ್ದಲುಗಳು ಒಣಗಿದ ಕಡ್ಡಿ, ಎಲೆಗಳನ್ನು ಅಗಿದು ನುಂಗಿ, ಅರೆಬರೆ ಜೀರ್ಣವಾದದ್ದನ್ನು ಹೊರಹಾಕಿ, ಹುತ್ತದೊಳಗೆ ಸ್ಪಂಜಿನಂಥ ತಟ್ಟುಗಳನ್ನು ಕಟ್ಟಿ, ಅವುಗಳ ಮೇಲೆ ಶಿಲೀಂಧ್ರ ಬೆಳೆಸುತ್ತವೆ. ತಮಗೆ ಅರಗದ ನಾರನ್ನು ಆ ಶಿಲೀಂಧ್ರ ಅರಗಿಸಿ ಕೊಡುತ್ತದೆ. ಮುಂಗಾರಿನ ಹೊತ್ತಿಗೆ ಹುತ್ತದ ಸುತ್ತ ಏಳುವ, ಊರವರು ಪೈಪೋಟಿಯಿಂದ ಕಿತ್ತು ತಂದು ಸಾರು ಮಾಡುವ ಅಣಬೆ ಅದೇ ಶಿಲೀಂಧ್ರದ್ದು. ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಆಫ್ರಿಕದಲ್ಲಿ ಶುರುವಾದ ಈ ಬೇಸಾಯವನ್ನು ಕೈಬಿಟ್ಟ ಗೆದ್ದಲಿನ ವಂಶ ಒಂದೂ ಇಲ್ಲ. ಶಿಲೀಂಧ್ರಕ್ಕೆ ತೇವ ಬೇಕು, ಹದವಾದ ಶಾಖ ಬೇಕು. ಅದಕ್ಕೆ ಹುತ್ತ ಬೇಕು. ಹುತ್ತ ಕಟ್ಟಲು ಸಾವಿರಾರು ಬಾಯಿಗಳು ಮಣ್ಣನ್ನು ಉಂಡೆ ಕಟ್ಟಿ ಜೊಲ್ಲಿನಿಂದ ಬೆಸೆಯಬೇಕು. ಆ ಬೆಸುಗೆ ಮಣ್ಣಿನ ಗಟ್ಟಿತನವನ್ನು ಹೇಗೆ ಹಲವು ಪಟ್ಟು ಹೆಚ್ಚಿಸುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಸಂಗಡಿಗರು ಅಳೆದು ನೋಡಿದ್ದಾರೆ. ಹೀಗೆ ಒಂದರ ಮೇಲೊಂದು ಕಟ್ಟಿಕೊಂಡ ಬದುಕಿನಿಂದ ಹಿಂದೆ ಸರಿಯುವ ದಾರಿಯೇ ಮುಚ್ಚಿಹೋಗುತ್ತದೆ. ಗೆದ್ದಲಿನ ಮೇಲೆ ನಡೆಯುವ ಆಯ್ಕೆ ಬಯಲಿನ ಬಿಸಿಲಿನದ್ದಲ್ಲ, ಗೆದ್ದಲೇ ಕಟ್ಟಿದ ಕೋಣೆಯ ಗಾಳಿಯದ್ದು.

ಹಾವಿನ ವಿಷಯಕ್ಕೆ ಬರೋಣ. ಗಾದೆ ಅನ್ಯಾಯದ ಮಾತನ್ನು ಆಡುತ್ತಿದೆ: ದುಡಿದವರೊಬ್ಬರು, ಅನುಭವಿಸುವವರು ಇನ್ನೊಬ್ಬರು. ಆದರೆ ನೆಲೆ ಕಟ್ಟುವ ಸಿದ್ಧಾಂತದ ಅತ್ಯಂತ ಮುಖ್ಯವಾದ ಅಂಶ ಈ ಗಾದೆಯಲ್ಲಿಯೇ ಇದೆ. ಕಟ್ಟಿದ್ದು ಕಟ್ಟಿದವರ ಮಕ್ಕಳಿಗೆ ಮಾತ್ರ ಸಿಗುವುದಿಲ್ಲ. ಗೆದ್ದಲು ಬಿಟ್ಟುಹೋದ ಹುತ್ತ ಹಾವಿಗೆ ಮನೆ, ಅದರ ಮಣ್ಣು ಸುತ್ತಲ ಗಿಡಕ್ಕೆ ಗೊಬ್ಬರ. ಸುಮಾರು 240 ಕೋಟಿ ವರ್ಷಗಳ ಹಿಂದೆ ಸಯನೋಬ್ಯಾಕ್ಟೀರಿಯ ಎಂಬ ಸೂಕ್ಷ್ಮಜೀವಿಗಳು ತಮ್ಮ ಪಾಡಿಗೆ ತಾವು ಹೊರಬಿಟ್ಟ ಆಮ್ಲಜನಕ ಗಾಳಿಯಲ್ಲಿ ನಿಂತದ್ದರಿಂದಲೇ ನಾವೆಲ್ಲ ಉಸಿರಾಡುತ್ತಿರುವುದು. ಅಂದಿನ ಬಹುಪಾಲು ಜೀವಿಗಳಿಗೆ ಅದು ವಿಷವಾಗಿತ್ತು. ನಾವೂ ಒಂದು ಲೆಕ್ಕದಲ್ಲಿ ಹುತ್ತ ಸೇರಿದ ಹಾವುಗಳೇ.

ಬ್ರಿಟನ್ನಿನ ವಿಕಾಸವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರ ಆಕ್ಷೇಪವನ್ನು ಇಲ್ಲಿಯೇ ಎದುರಿಸುವುದು ಒಳ್ಳೆಯದು, ಏಕೆಂದರೆ ಅದು ಗಟ್ಟಿಯಾದ ಆಕ್ಷೇಪ. ಬೀವರ್ ಎಂಬ ದಂಶಕ ಪ್ರಾಣಿ ಹೊಳೆಗೆ ಅಡ್ಡಲಾಗಿ ಕಟ್ಟುವ ಒಡ್ಡು ಅದರ ವಂಶವಾಹಿಗಳ ಚಾಚಿದ ಕೈ ಎಂದು ಅವರು 1982ರಲ್ಲೇ ಬರೆದಿದ್ದರು. ಒಡ್ಡನ್ನು ಚೆನ್ನಾಗಿ ಕಟ್ಟಿಸುವ ವಂಶವಾಹಿ ಆ ಒಡ್ಡಿನ ಲಾಭದಿಂದಲೇ ಹೆಚ್ಚಾಗುತ್ತದೆ. ಇಷ್ಟನ್ನು ವಿವರಿಸಲು ಜೀವಿಗೆ ಹೊಸ ಪಟ್ಟ ಕಟ್ಟಬೇಕಾಗಿಲ್ಲ. ಬದಲಾವಣೆಯ ಲಾಭ ಮಾಡಿದವರಿಗೆ ಮರಳದೆ ಎಲ್ಲರಿಗೂ ಹಂಚಿಹೋದರೆ, ಅದನ್ನು 'ಕಟ್ಟುವುದು' ಎನ್ನದೆ ಬರೇ 'ಬದಲಿಸುವುದು' ಎನ್ನಬೇಕು ಎಂದು 2004ರಲ್ಲಿ ಅವರು ಸೇರಿಸಿದರು. ಕಟ್ಟುವ ಗುಣ ಹೇಗೆ ಬಂತು ಎಂಬ ಪ್ರಶ್ನೆಗೆ ಅವರ ಉತ್ತರ ಸರಿ ಎಂದೇ ನನಗೆ ತೋರುತ್ತದೆ. ಆದರೆ ಅವರ ಲೆಕ್ಕದಲ್ಲಿ ಹಾವಿಗೆ ಜಾಗವಿಲ್ಲ. ಮಣ್ಣು ಎಲ್ಲರದ್ದೂ ಆದ ಮಾತ್ರಕ್ಕೆ ಅದರಲ್ಲಿ ಬದುಕುವ ಎಲ್ಲರ ಮೇಲೂ ಅದು ನಡೆಸುವ ಆಯ್ಕೆ ಸುಳ್ಳಾಗುವುದಿಲ್ಲ. ಯಾರ ವಂಶವಾಹಿ ಲಾಭ ಪಡೆಯಿತು ಎಂಬ ಪ್ರಶ್ನೆಯಿಂದ, ಈ ಪರಿಸ್ಥಿತಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಎರಡನೆಯ ಆಕ್ಷೇಪ ಹೊಸತನದ್ದು. 2014ರಲ್ಲಿ 'ನೇಚರ್' ಪತ್ರಿಕೆ ವಿಕಾಸ ಸಿದ್ಧಾಂತಕ್ಕೆ ಮರುಚಿಂತನೆ ಬೇಕೇ ಎಂದು ಕೇಳಿದಾಗ ಲಾಲಂಡ್ ಮತ್ತು ಸಂಗಡಿಗರು ಈಗಲೇ ಬೇಕು ಎಂದರು; ಗ್ರೆಗರಿ ವ್ರೇ, ಹೋಪಿ ಹೋಕ್‌ಸ್ಟ್ರ ಮತ್ತು ಸಂಗಡಿಗರು ಬೇಡ, ಇವೆಲ್ಲ ನಾವು ಮೊದಲಿನಿಂದಲೂ ಅಭ್ಯಸಿಸುತ್ತಿರುವ ಸಂಗತಿಗಳೇ, ಡಾರ್ವಿನ್ನನ ಹುಳುಗಳೇ ಸಾಕ್ಷಿ ಎಂದರು. ಇಂಥ ಶೀರ್ಷಿಕೆಗಳನ್ನು ಕಂಡಾಗ ನಮ್ಮ ದೇಶದಲ್ಲಿ ನನಗೆ ಸ್ವಲ್ಪ ಅಂಜಿಕೆಯೂ ಆಗುತ್ತದೆ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಹೊಸ ವಿಜ್ಞಾನ ಪುಸ್ತಕದಲ್ಲಿ ವಿಕಾಸದ ಭಾಗವೇ ಇರಲಿಲ್ಲ. ವಿಜ್ಞಾನಿಗಳು ಮನೆಯೊಳಗೆ ಆಡುವ ಜಗಳವನ್ನು ಮನೆಯೇ ಬಿದ್ದಿತೆಂದು ಸಾರುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಇಲ್ಲಿ ಯಾರೂ ನಿಸರ್ಗದ ಆಯ್ಕೆಯನ್ನು ಅಲ್ಲಗಳೆಯುತ್ತಿಲ್ಲ. ಆಯ್ಕೆ ಮಾಡುವ ನಿಸರ್ಗದಲ್ಲಿ ಜೀವಿಯ ಕೈಯೂ ಎಷ್ಟಿದೆ ಎಂಬುದಷ್ಟೇ ವಾದ.

ಅದನ್ನು ಅಳೆಯಬಹುದೇ? ಅಳೆಯಬಹುದು. ಸಗಣಿ ಹುಳುಗಳ ಒಂದು ಗುಂಪಿನಲ್ಲಿ ತಾಯಿ ನೆಲದೊಳಗೆ ಸಗಣಿಯ ಉಂಡೆ ಮಾಡಿ, ಅದರಲ್ಲಿ ತನ್ನದೇ ಹಿಕ್ಕೆಯ ಒಂದು ಪೀಠವಿಟ್ಟು, ಅದರ ಮೇಲೆ ಒಂದೇ ಒಂದು ಮೊಟ್ಟೆಯಿಡುತ್ತದೆ. ಮರಿ ಮೊದಲು ತಿನ್ನುವುದು ಆ ಪೀಠವನ್ನು. ಅದರಿಂದ ತಾಯಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಮರಿಗೆ ದಾಟುತ್ತವೆ. ಆಮೇಲೆ ಮರಿ ತನ್ನ ಹಿಕ್ಕೆಯನ್ನು ಉಂಡೆಯೊಳಗೆಲ್ಲ ಬೆರೆಸಿ, ಮತ್ತೆ ತಿಂದು, ಉಂಡೆಯನ್ನೇ ಹೊಟ್ಟೆಯ ಹೊರಗಿನ ಇನ್ನೊಂದು ಹೊಟ್ಟೆಯಂತೆ ಮಾಡಿಕೊಳ್ಳುತ್ತದೆ. ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದ ಆರ್ಮಿನ್ ಮೋಚೆಕ್ ಅವರ ತಂಡ ಪೀಠವನ್ನು ತೆಗೆದು, ಮರಿಯನ್ನು ಹೊಸ ಹೊಸ ಸಗಣಿಗೆ ವರ್ಗಾಯಿಸಿ, ಈ ಕೆಲಸಕ್ಕೆ ಅಡ್ಡಿಪಡಿಸಿ ನೋಡಿತು. ತಿನ್ನಲು ಬೇಕಾದಷ್ಟಿದ್ದರೂ ಮರಿಗಳ ಬೆಳವಣಿಗೆ ಕುಂಠಿತವಾಯಿತು. ಇಂಥ ಪ್ರಯೋಗಗಳು ನನಗೆ ಸಿದ್ಧಾಂತದ ಘೋಷಣೆಗಳಿಗಿಂತ ಹೆಚ್ಚು ರುಚಿಸುತ್ತವೆ.

ಕರ್ತೃತ್ವ ಎಂದಾಕ್ಷಣ ಇಚ್ಛೆ, ಉದ್ದೇಶ, ಮುಂದಾಲೋಚನೆ ಎಂದು ಕೇಳಿಸುವುದು ನಮ್ಮ ಪದದ ಭಾರ. ಬೇಕಾದಂಥ ಉತ್ಪರಿವರ್ತನೆಯನ್ನು ಯಾವ ಜೀವಿಯೂ ಕರೆಸಿಕೊಳ್ಳಲಾರದು. ಅಷ್ಟರ ಮಟ್ಟಿಗೆ ಲಾಮಾರ್ಕನ ಸಾಲಿಗೆ ಹಾಕಿದ ತಪ್ಪಿನ ಗುರುತು ಉಳಿಯಬೇಕು. ಬ್ರಿಟನ್ನಿನ ಜೀವಶಾಸ್ತ್ರಜ್ಞ ಕಾನ್ರಾಡ್ ವಾಡಿಂಗ್ಟನ್ 1953ರಲ್ಲಿ ತೋರಿಸಿದ್ದೂ ಇದನ್ನೇ: ಹಣ್ಣಿನ ನೊಣಗಳು ಇನ್ನೂ ಪ್ಯೂಪಾ ಎಂಬ ಕೋಶಾವಸ್ಥೆಯಲ್ಲಿದ್ದಾಗ ಅವಕ್ಕೆ ಶಾಖ ಕೊಟ್ಟರೆ ಕೆಲವಕ್ಕೆ ರೆಕ್ಕೆಯ ಅಡ್ಡನರ ಮೂಡಲಿಲ್ಲ, ಅಂಥವನ್ನೇ ಆರಿಸಿ ಸಾಕುತ್ತಾ ಹೋದಂತೆ, ಹದಿನೈದರ ಆಸುಪಾಸಿನ ಪೀಳಿಗೆಯ ಹೊತ್ತಿಗೆ, ಶಾಖವಿಲ್ಲದೆಯೂ ಅಡ್ಡನರವಿಲ್ಲದ ನೊಣಗಳು ಹುಟ್ಟತೊಡಗಿದವು. ಶಾಖ ಹೊಸ ವಂಶವಾಹಿಯನ್ನು ಸೃಷ್ಟಿಸಿರಲಿಲ್ಲ; ಒಳಗೆ ಅಡಗಿದ್ದ ವ್ಯತ್ಯಾಸಗಳು ನೊಣದ ಮೈ ತೋರಿದ ಪ್ರತಿಕ್ರಿಯೆಯ ಮೂಲಕ ಆಯ್ಕೆಯ ಕಣ್ಣಿಗೆ ಬಿದ್ದವು. ಮೊದಲು ಜೀವಿ ಏನನ್ನೋ ಮಾಡುತ್ತದೆ, ವಂಶವಾಹಿ ಹಿಂದಿನಿಂದ ಬಂದು ಅದನ್ನು ಖಾಯಂ ಮಾಡುತ್ತದೆ.

ಜಿರಾಫೆಗೂ ಇದು ಸಲ್ಲುತ್ತದೆ. ಪ್ರಾಣಿಯೊಂದು ಹೊಸ ನೆಲೆಗೆ ಹೊರಳುವಾಗ ಹೆಚ್ಚುಕಡಿಮೆ ಯಾವಾಗಲೂ ಮೊದಲು ಬದಲಾಗುವುದು ಅದರ ವರ್ತನೆ ಎಂದು 1963ರಲ್ಲಿ ಬರೆದವರು ಅರ್ನ್ಸ್ಟ್ ಮಾಯರ್, ಇಪ್ಪತ್ತನೆಯ ಶತಮಾನದ ಸಿದ್ಧಾಂತವನ್ನು ಗಟ್ಟಿಗೊಳಿಸಿದವರಲ್ಲೊಬ್ಬರಾದ ಅವರನ್ನು ಅದರ ವಿರೋಧಿ ಎನ್ನಲು ಯಾರಿಗೂ ಸಾಧ್ಯವಿಲ್ಲ. ನೆಲದ ಹುಲ್ಲನ್ನೇ ಮೇಯುವ ಪ್ರಾಣಿಗೆ ಉದ್ದ ಕತ್ತಿನಿಂದ ಲಾಭವಿಲ್ಲ. ಕತ್ತಿನ ಉದ್ದಕ್ಕೆ ಬೆಲೆ ಬರಬೇಕಾದರೆ ಅದಕ್ಕೂ ಮೊದಲು ಯಾವುದೋ ಗಿಡ್ಡ ಕತ್ತಿನ ಪೂರ್ವಜ ತಲೆಯೆತ್ತಿ ಮರದ ಕಡೆ ನೋಡಿರಬೇಕು, ಮುಳ್ಳಿನ ನಡುವೆ ನಾಲಿಗೆ ಹಾಕಿರಬೇಕು. ಮರವೂ ಸುಮ್ಮನಿರುವುದಿಲ್ಲ. ಪೂರ್ವ ಆಫ್ರಿಕದ ಜಾಲಿಯ ಜಾತಿಯ ಮರಗಳಲ್ಲಿ ಜಿರಾಫೆಯ ಬಾಯಿಗೆ ಎಟುಕುವ ಕೊಂಬೆಗಳ ಮುಳ್ಳು ಉದ್ದ, ಎಟುಕದ ಎತ್ತರದ ಕೊಂಬೆಗಳ ಮುಳ್ಳು ಗಿಡ್ಡ ಎಂಬುದನ್ನು 1991ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ದಾಖಲಿಸಿದೆ. ಮೇಯಿಸಿಕೊಂಡ ಕೊಂಬೆ ಮುಳ್ಳನ್ನು ಉದ್ದ ಮಾಡಿಕೊಳ್ಳುತ್ತದೆ. ಅಂದರೆ ಇಂದಿನ ಜಿರಾಫೆ ಎದುರಿಸುವ ಮರ ಒಂದಷ್ಟು ಮಟ್ಟಿಗೆ ನಿನ್ನೆಯ ಜಿರಾಫೆ ಮೇಯ್ದು ಮಾಡಿಟ್ಟ ಮರ. ಕಪ್ಪುಹಲಗೆಯ ನನ್ನ ಚಿತ್ರದಲ್ಲಿ ಮರಗಳು ಎರಡೂ ಸಾಲಿನಲ್ಲಿ ಒಂದೇ ಎತ್ತರಕ್ಕೆ, ಒಂದೇ ಆಕಾರದಲ್ಲಿ ನಿಂತಿರುತ್ತಿದ್ದವು. ಅವಕ್ಕೆ ನಾನು ಒಂದು ಮುಳ್ಳನ್ನೂ ಬರೆದಿರಲಿಲ್ಲ.